ಕುಚ್ಚಿನ ಹಲಗೆ

ನಮ್ಮ ಬೀದಿಯಲ್ಲಿ ಅಂಬೆಗಾಲಿಡುವ ಮಕ್ಕಳನ್ನು ಕಂಬಕ್ಕೆ ಕಟ್ಟುವುದು ಮಾಮೂಲಾಗಿತ್ತು. ಕೊಳ್ಳೇಗಾಲದ ನೇಕಾರರ ಮನೆಗಳೆಲ್ಲ ಗುಂಡಿ ಮಗ್ಗದ ಮನೆಗಳು. ನಡುಮನೆಯಲ್ಲೇ ಮೊಣಕಾಲು ಮೀರಿದ ಗುಂಡಿ. ಗಂಡಸರು ಅದರೊಳಗೆ ಕಾಲು ಇಳಿಬಿಟ್ಟು ಕೂತು ಬೆಳಗಿನಿಂದ ದೀಪ ಹಚ್ಚುವವರೆಗೆ ನೇಯುತ್ತಿದ್ದರು. ಮಗು ತೆವಳಿಕೊಂಡು ಹೋಗಿ ಗುಂಡಿಗೆ ಬೀಳಬಾರದು, ಮಗ್ಗಕ್ಕೆ ಉದ್ದುದ್ದ ಬಿಗಿದ ಹಾಸಿನ ರೇಷ್ಮೆಗೆ ಕೈ ಹಾಕಬಾರದು. ಅದಕ್ಕೆ ತಾಯಂದಿರು ಹಳೇ ಸೀರೆಯ ಒಂದು ಪಟ್ಟಿಯನ್ನು ಮಗುವಿನ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದು, ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ನನ್ನನ್ನೂ ಹಾಗೇ ಕಟ್ಟಿದ್ದರಂತೆ. ಎರಡು ವರ್ಷ ತುಂಬಿ, ಗುಂಡಿ ಕಂಡರೆ ಹಿಂದೆ ಸರಿಯುವ ಬುದ್ಧಿ ಬಂದ ಮೇಲೆ ಬಿಚ್ಚುತ್ತಿದ್ದರು.

ನನ್ನ ತಂಗಿಗೆ ಹನ್ನೆರಡು ತುಂಬಿದರೂ ಬಿಚ್ಚಿರಲಿಲ್ಲ.

ನಮ್ಮೂರು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿದ ಮಾರನೆಯ ವರ್ಷ ಹುಟ್ಟಿದವಳು ಅವಳು. ನನಗಿಂತ ಐದು ವರ್ಷ ಚಿಕ್ಕವಳು. ಕತ್ತು ನಿಲ್ಲುವುದಕ್ಕೆ ಒಂದು ವರ್ಷ ಹಿಡಿಯಿತು, ನಡೆಯುವುದಕ್ಕೆ ನಾಲ್ಕು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಮಾತೆಂದರೆ ಅವ್ವ, ಅಪ್ಪ, ನೀರಿಗೆ ‘ನೀ’, ಬೇಡದ್ದಕ್ಕೆಲ್ಲ ‘ಹ್ಞೂಂ ಹ್ಞೂಂ’ ಎಂಬ ಒಂದು ಗೊಣಗು. ಅವ್ವ ಅವಳನ್ನು ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದಾಗ ಅಲ್ಲಿನ ಡಾಕ್ಟರು ಬಹಳ ಹೊತ್ತು ನೋಡಿ, ‘ಇದಕ್ಕೆ ಔಷಧಿ ಇಲ್ಲಮ್ಮ. ಆದರೆ ಕಲಿಯುತ್ತಾಳೆ. ತೋರಿಸಿದ್ದನ್ನೇ ತೋರಿಸಬೇಕು’ ಎಂದಿದ್ದರಂತೆ. ಅವ್ವನ ಕಿವಿಯಲ್ಲಿ ಉಳಿದದ್ದು ಔಷಧಿ ಇಲ್ಲ ಎಂಬಷ್ಟೇ ಮಾತು.

ಅವ್ವ ಕೆಟ್ಟವಳಲ್ಲ. ತಂಗಿಗೆ ಎಂಟು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಕಟ್ಟದೆ ಬಿಟ್ಟಿದ್ದಳು. ಬೀದಿಯಲ್ಲಿ ಕವೆಗೋಲುಗಳ ಮೇಲೆ ಮಗ್ಗಕ್ಕೇರಿಸಬೇಕಿದ್ದ ಯಾರದೋ ಹಾಸು ಚಾಚಿತ್ತು. ತಂಗಿ ನೆಟ್ಟಗೆ ಅದರೊಳಗೇ ನಡೆದುಬಿಟ್ಟಳು. ಎಳೆಗಳು ಕುತ್ತಿಗೆಗೆ ಸುತ್ತಿಕೊಂಡು ಬಿಡಿಸುವಷ್ಟರಲ್ಲಿ ಮುಖವೆಲ್ಲ ಕೆಂಪಾಗಿತ್ತು. ಹಾಸು ಹಾಳಾದದ್ದಕ್ಕಿಂತ ಆ ಮುಖ ಅವ್ವನನ್ನು ಹೆದರಿಸಿತು. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಕಟ್ಟುವಳು, ಮಲಗುವಾಗ ಬಿಚ್ಚುವಳು. ಹಿತ್ತಲಿಗೆ ಕರೆದುಕೊಂಡು ಹೋಗುವುದು, ಮೈ ತೊಳೆಸುವುದು, ಉಣ್ಣಿಸುವುದು ಎಲ್ಲ ನನ್ನ ಪಾಲಿಗೆ. ಅವ್ವನಿಗೆ ಇಡೀ ದಿನ ರಾಟೆ. ಅಪ್ಪ ಅಡ್ಡಡ್ಡ ಎಸೆಯುವ ಲಾಳಿಗೆ ಹೊಕ್ಕಿನ ನೂಲು ಸುತ್ತಿದ ಕಡ್ಡಿಗಳನ್ನು, ಅಂದರೆ ಕಂಡಿಕೆಗಳನ್ನು, ಒದಗಿಸುತ್ತಲೇ ಇರಬೇಕು.

ಹೀಗಿರುವಾಗ ಒಂದೇ ವರ್ಷದಲ್ಲಿ ಎರಡು ಸಂಗತಿಗಳಾದವು. ತಂಗಿ ದೊಡ್ಡವಳಾದಳು. ನನಗೆ ಯಳಂದೂರಿನ ಸಂಬಂಧ ಕೂಡಿಬಂತು. ಪುಷ್ಯದ ಅಮಾವಾಸ್ಯೆ ಕಳೆದು ಮಾಘಕ್ಕೆ ಲಗ್ನ ಎಂದು ಗೊತ್ತಾಯಿತು.

ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ, ಅಂದರೆ ನಮ್ಮ ದೊಡ್ಡಪ್ಪನ ಹೆಂಡತಿ, ಸುದ್ದಿ ಕೇಳಿ ಬಂದವಳು ಕಂಬದ ಕಡೆ ನೋಡಿ ಅವ್ವನಿಗೆ ಅಂದಳು: ‘ಅಲ್ಲ ಕಣಮ್ಮಿ, ದೊಡ್ಡೋಳು ಗಂಡನ ಮನೆಗೆ ಓಯ್ತಾಳೆ. ಇದುನ್ನ ನೋಡೋರ್ಯಾರು? ಮೈನೆರೆದ ಕೂಸ ನಡುಮನೇಲಿ ಕಟ್ಟಾಕಾಯ್ತದಾ? ಬಂದೋರು ಓದೋರು ನೋಡರು. ಇಂದ್ಲ ಕೋಣೆ ಖಾಲಿ ಮಾಡ್ಸು. ಒಳಗಾಕಿ ಚಿಲಕ ಆಕ್ಬುಡು.’

ಸಂಜೆ ಅವ್ವ ಹಿಂದಿನ ಕೋಣೆಯಲ್ಲಿದ್ದ ಸೌದೆಯನ್ನು ನೋಡಿಕೊಂಡು ನಿಂತಿದ್ದಳು. ಅದನ್ನು ಕಂಡ ಮೇಲೆ ನಾನು ತೀರ್ಮಾನ ಮಾಡಿದೆ. ಈ ಮನೆಯಿಂದ ಹೋಗುವ ಮುಂಚೆ ತಂಗಿಯನ್ನು ಬಿಚ್ಚಿಸಬೇಕು. ಅಳುವುದರಿಂದ ಆಗುವ ಕೆಲಸವಲ್ಲ ಅದು. ಅವಳ ದಿನವನ್ನು ಅವಳೇ ಕಳೆಯುವಂತಾಗಬೇಕು, ಅದನ್ನು ಅವ್ವ ಕಣ್ಣಾರೆ ನೋಡಬೇಕು.

ಹೇಗೆ ಎಂಬುದು ಗೊತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟವಳು ತಂಗಿಯೇ.

ಅಪ್ಪನ ಮಗ್ಗದ ಎಡಗಂಬಕ್ಕೆ ಒಂದು ಹುರಿ ಇಳಿಬಿದ್ದಿರುತ್ತಿತ್ತು. ಸೀರೆಯಲ್ಲಿ ಬಣ್ಣ ಬದಲಾಗುವ ಕ್ರಮಕ್ಕೆ ತಕ್ಕಂತೆ ಅದಕ್ಕೆ ರೇಷ್ಮೆಯ ಚೂರುಗಳನ್ನು ಸಾಲಾಗಿ ಕಟ್ಟಿಕೊಂಡಿರುತ್ತಿದ್ದ. ಇಷ್ಟು ಗೆರೆ ಹಸಿರು, ಆಮೇಲೆ ಕುಂಕುಮದ ಬಣ್ಣದ ಬುಟ್ಟಾ ಹೂ, ಆಮೇಲೆ ಜರಿ. ಒಂದು ಮುಗಿದರೆ ಆ ಚೂರನ್ನು ಮೇಲಕ್ಕೆ ಸರಿಸುವನು. ಗುರುತಿನ ದಾರ ಎನ್ನುತ್ತಿದ್ದೆವು. ನಮ್ಮ ಬೀದಿಯ ನೇಕಾರರಲ್ಲಿ ಅದಿಲ್ಲದವರಿರಲಿಲ್ಲ. ತಂಗಿಯನ್ನು ಕಟ್ಟುತ್ತಿದ್ದದ್ದು ಅದರ ಪಕ್ಕದ ಕಂಬಕ್ಕೆ.

ಆ ದಿನ ಬಾಗಿಲಲ್ಲಿ ಯಾರೋ ಕೂಗಿದರೆಂದು ಅಪ್ಪ ಎದ್ದು ಹೋಗಿ, ಮಾತಾಡಿ, ಬಂದು ಕೂತು ಲಾಳಿ ಎಸೆಯತೊಡಗಿದ. ತಂಗಿ ‘ಹ್ಞೂಂ ಹ್ಞೂಂ’ ಎಂದಳು. ಅಪ್ಪ ನೋಡಲಿಲ್ಲ. ಅವಳು ಕಟ್ಟು ಬಿಗಿಯಾಗುವಷ್ಟು ಮುಂದೆ ಬಂದು ಅಪ್ಪನ ಭುಜ ತಟ್ಟಿ, ಹುರಿಯನ್ನು ಹಿಡಿದು ಎಳೆದಳು.

‘ಬುಡೇ, ಎಳೀಬ್ಯಾಡ’ ಎಂದು ಅಪ್ಪ ಗದರಿದ. ಆಮೇಲೆ ಹುರಿಯನ್ನು ನೋಡಿದ, ಸೀರೆಯನ್ನು ನೋಡಿದ. ಚೂರು ಸರಿಸುವುದನ್ನು ಮರೆತು, ಮುಗಿದುಹೋಗಿದ್ದ ಹಸಿರನ್ನೇ ಮತ್ತೆ ನಾಲ್ಕು ಎಳೆ ಹೊಡೆದಿದ್ದ.

‘ಅಮ್ಮೀ, ಇಲ್ಬಾ’ ಎಂದು ನನ್ನನ್ನು ಕೂಗಿದ. ‘ಇವ್ಳು ನನ್ ಗುರುತ ಓದ್ತಾವ್ಳೆ ಕಣಮ್ಮಿ.’

ಅಡುಗೆಮನೆಯಿಂದ ಅವ್ವ ಅಂದಳು: ‘ಅವ್ಳು ಓದೋದು ಇರ್ಲಿ. ಮೊದ್ಲು ನೀನ್ ಓದ್ಕಂಡ್ ನೇಯಿ.’

ಅಪ್ಪ ನಗುತ್ತಾ ಎಳೆ ಬಿಚ್ಚಿದ. ನಾನು ನಗಲಿಲ್ಲ. ವರ್ಷಗಟ್ಟಲೆ ಅದೇ ಜಾಗದಲ್ಲಿ ಕೂತು ಅವಳು ಅದನ್ನು ನೋಡಿದ್ದಳು. ಒಂದು ಬಣ್ಣಕ್ಕೆ ಒಂದು ಕೆಲಸ, ಅದು ಮುಗಿದರೆ ಇನ್ನೊಂದು ಎಂಬುದು ಅವಳಿಗೆ ತಿಳಿದಿತ್ತು. ಹಾಗಿದ್ದರೆ ಅವಳ ದಿನಕ್ಕೂ ಒಂದು ಗುರುತು ಕಟ್ಟಿಕೊಡಬಹುದಲ್ಲ.

ಮಾರನೆಯ ದಿನವೇ ಅಟ್ಟದ ಮೇಲಿನ ಒಂದು ಹಳೇ ಹಲಗೆ ಇಳಿಸಿದೆ. ಎಡಗಡೆ ಏಳು ಮೊಳೆ, ಬಲಗಡೆ ಏಳು ಮೊಳೆ ಹೊಡೆದು, ತಂಗಿಯ ಎದೆಯ ಎತ್ತರಕ್ಕೆ ಗೋಡೆಗೆ ತೂಗುಹಾಕಿದೆ. ಉಳಿಕೆ ರೇಷ್ಮೆಯಲ್ಲಿ ಬಣ್ಣಕ್ಕೆ ಎರಡರಂತೆ ಕುಚ್ಚು ಕಟ್ಟಿದೆ: ಒಂದು ಹಲಗೆಗೆ, ಇನ್ನೊಂದು ವಸ್ತುವಿಗೆ. ಎಡಗಡೆಯಿಂದ ಒಂದು ಕುಚ್ಚು ತೆಗೆದುಕೊಂಡು, ಅದೇ ಬಣ್ಣದ ಕುಚ್ಚು ಕಟ್ಟಿರುವ ವಸ್ತುವಿನ ಹತ್ತಿರ ಹೋಗಿ, ಆ ಕೆಲಸ ಮುಗಿಸಿ, ಬಂದು ಬಲಗಡೆಯ ಮೊಳೆಗೆ ಹಾಕಬೇಕು. ಬಿಳಿ ಕುಚ್ಚಿನ ಜೋಡಿ ಹಲ್ಲುಪುಡಿ ಡಬ್ಬಿಗಿತ್ತು, ಕಂದು ಹಿತ್ತಲ ಬಾಗಿಲ ಅಗುಳಿಗೆ, ಹಳದಿ ಬಚ್ಚಲ ಚೊಂಬಿಗೆ, ಕೆಂಪು ಅವಳ ತಟ್ಟೆಗೆ.

ಬರೆಯುವಾಗ ಸುಲಭ. ಮೊದಲ ದಿನ ಏಳೂ ಕುಚ್ಚುಗಳನ್ನು ಒಟ್ಟಿಗೆ ಕಿತ್ತುಕೊಂಡು ಬಾಯಿಗೆ ತುರುಕಿಕೊಂಡಳು. ಎರಡನೆಯ ದಿನವೂ ಅಷ್ಟೇ. ಉಳಿದ ಆರನ್ನೂ ತೆಗೆದಿಟ್ಟು ಕೆಂಪೊಂದನ್ನೇ ಬಿಟ್ಟೆ. ಊಟವೆಂದರೆ ಅವಳಿಗೆ ಪ್ರೀತಿ. ಆ ಒಂದೇ ಕುಚ್ಚಿಗೆ ಹತ್ತು ದಿನ ಹಿಡಿಯಿತು. ರೇಷ್ಮೆಯ ನಯಕ್ಕೆ ಕುಚ್ಚು ಅವಳ ಬೆರಳಲ್ಲಿ ನಿಲ್ಲದೆ ಜಾರುತ್ತಿತ್ತು. ಒಡೆದ ಕಂಡಿಕೆ ಕಡ್ಡಿಗಳನ್ನು ಬೆರಳುದ್ದ ಕತ್ತರಿಸಿ ಅದಕ್ಕೆ ಕುಚ್ಚು ಕಟ್ಟಿದೆ. ಮುಷ್ಟಿಯಲ್ಲಿ ಹಿಡಿಯಲು ಬಂತು. ನಡುಮನೆಯ ಮಬ್ಬಿನಲ್ಲಿ ಹಳದಿಗೂ ಬಿಳಿಗೂ ತಬ್ಬಿಬ್ಬಾಗುತ್ತಿದ್ದಳು. ಹಳದಿಯನ್ನು ಎರಡರಷ್ಟು ದಪ್ಪ ಕಟ್ಟಿದೆ. ತಿಂಗಳ ದಿನಗಳಿಗೆ ಒಂದು ಬೇರೆ ಕುಚ್ಚು ಮಾಡಿ, ಬಚ್ಚಲಲ್ಲಿ ಮಡಿಸಿಟ್ಟ ಬಟ್ಟೆಯ ಗಂಟಿಗೆ ಅದರ ಜೋಡಿ ಕಟ್ಟಿದೆ. ಆ ದಿನಗಳಲ್ಲಿ ಅದನ್ನು ಹಳದಿಯ ಪಕ್ಕ ತೂಗುಹಾಕಿದರೆ ಸಾಕು. ಅದನ್ನು ಅವಳು ಎರಡೇ ಸಲಕ್ಕೆ ಕಲಿತಳು. ಮೈ ಅಂಟಂಟಾಗಿರುವುದು ಅವಳಿಗೂ ಬೇಡವಾಗಿತ್ತು. ನಾವೇ ಅವಳಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆವು.

ಹಸಿರು ಕುಚ್ಚನ್ನು ರಾಟೆಗೆ ಕಟ್ಟಿದಾಗ ಅವ್ವ ತಲೆ ಚಚ್ಚಿಕೊಂಡಳು. ‘ಕಂಡ್ಕೆ ಸುತ್ತಾಳಾ ಇವ್ಳು? ರೇಷ್ಮೆ ಕಣಮ್ಮಿ ಅದು, ಸೆಣಬಲ್ಲ.’

‘ತೋರಿಸಿದ್ನೇ ತೋರಿಸ್ಬೇಕು ಅಂದ್ರಲ್ಲವ್ವ ಡಾಕ್ಟ್ರು’ ಎಂದೆ.

ಈ ಸಲ ಅಪ್ಪನೂ ಕೈಹಾಕಿದ. ರಾಟೆಯ ಹಿಡಿ ಅವಳ ಮುಷ್ಟಿಗೆ ಸಣ್ಣದಾಗಿತ್ತು. ತೆಂಗಿನ ನಾರು ಸುತ್ತಿ, ಮೇಲೆ ಬಟ್ಟೆ ಸುತ್ತಿ ಸೌತೆಕಾಯಿ ಗಾತ್ರಕ್ಕೆ ತಂದ. ಎಲ್ಲಿಗೆ ನಿಲ್ಲಿಸಬೇಕೆಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಸುತ್ತುತ್ತಲೇ ಹೋಗುವಳು, ಕಂಡಿಕೆ ಊದಿಕೊಂಡು ಲಾಳಿಯೊಳಗೆ ಕೂರುತ್ತಿರಲಿಲ್ಲ. ಅಪ್ಪ ಹಿತ್ತಾಳೆಯ ಒಂದು ಬಳೆಯನ್ನು ಬಗ್ಗಿಸಿ ಸಣ್ಣ ಉಂಗುರ ಮಾಡಿ, ಕಂಡಿಕೆಯ ಸುತ್ತ ಬರುವಂತೆ ರಾಟೆಗೇ ಕೂರಿಸಿದ. ನೂಲು ತುಂಬಿ ಉಂಗುರಕ್ಕೆ ತಗುಲಿದರೆ ಕರ್ರ್ ಎಂದು ಸದ್ದು. ಸದ್ದು ಬಂದರೆ ನಿಲ್ಲಿಸು. ಅದು ಅವಳಿಗೆ ಆಟವಾಯಿತು. ಕರ್ರ್ ಅಂದ ಕೂಡಲೇ ಕೈಬಿಟ್ಟು ನಗುವಳು. ನೀಲಿ ಕುಚ್ಚು ಬುಟ್ಟಿಗೆ: ಸುತ್ತಿದ ಕಂಡಿಕೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮಗ್ಗದ ಹತ್ತಿರ ಹೋಗಿ ಕೈ ಚಾಚಬೇಕು. ಅಪ್ಪ ಅದನ್ನು ಕೈಯಾರೆ ತೆಗೆದುಕೊಂಡು ‘ಬಂತಾ ಮಗಾ’ ಎಂದರೆ ಆ ಕೆಲಸ ಮುಗಿಯಿತು. ಕೊನೆಯದು ನೇರಳೆ, ಮಲಗುವ ಚಾಪೆಯದು.

ಇಷ್ಟಾಗುವ ಹೊತ್ತಿಗೆ ಕಾರ್ತಿಕ ಬಂದಿತ್ತು. ಇಷ್ಟೂ ದಿನ ಕಲಿಸುವಾಗ ಮಾತ್ರ ಬಿಚ್ಚಿ, ಆಮೇಲೆ ಕಟ್ಟುತ್ತಿದ್ದೆವು. ನಾನು ಅವ್ವನೆದುರು ಕೂತೆ.

‘ಅವ್ವ, ಕಟ್ಟಬ್ಯಾಡ ಇನ್ನು.’

‘ಬೀದಿಗೆ ಓದ್ರೆ?’

‘ಓಗಲ್ಲ. ಹಲಗೇಲಿ ಬೀದಿ ಇಲ್ಲ.’

ಅವ್ವ ಕೈಯಲ್ಲಿದ್ದ ಕಂಡಿಕೆ ಸುತ್ತಿ ಮುಗಿಸಿದಳು. ‘ಒಂದ್ ತಿಂಗ್ಳು ನೋಡನ’ ಎಂದಳು. ‘ಅಮಾಸೆ ಕಳೀಲಿ. ಮಾರನೇ ದಿನದಿಂದ ಮುಂದ್ಲ ಅಮಾಸೆಗಂಟ. ಒಂದಪ ಒಸ್ಲು ದಾಟಿದ್ರೂ ಮುಗೀತು.’

ನಮ್ಮಲ್ಲಿ ತಿಂಗಳ ಲೆಕ್ಕವೇ ಹಾಗೆ. ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ. ಒರೆಸಿ, ಅರಿಶಿನ ಕುಂಕುಮ ಇಟ್ಟು, ಹೂ ಹಾಕಿ, ಯಾರೂ ಮುಟ್ಟುವುದಿಲ್ಲ. ರಾಟೆಗೂ ಹಾಗೇ. ಮಾರನೆಯ ದಿನದಿಂದ ಹೊಸ ತಿಂಗಳ ಕೆಲಸ. ಆದ್ದರಿಂದ ಅವ್ವ ಹೇಳಿದ್ದು ನನಗೆ ವಿಶೇಷವೆನಿಸಲಿಲ್ಲ. ಸರಿ ಎಂದೆ.

ಆ ತಿಂಗಳು ನನ್ನ ಜೀವನದಲ್ಲಿ ಬಹಳ ಉದ್ದವಾದ ತಿಂಗಳು. ದಿನಾ ಬೆಳಿಗ್ಗೆ ತಂಗಿ ಹಲಗೆಯ ಮುಂದೆ ನಿಲ್ಲುವಳು. ಬಿಳಿ ತೆಗೆಯುವಳು, ಹೋಗುವಳು, ಬರುವಳು. ಒಂದೊಂದು ಕೆಲಸಕ್ಕೆ ನಾವು ತೆಗೆದುಕೊಳ್ಳುವ ಹೊತ್ತಿನ ನಾಲ್ಕರಷ್ಟು. ಅವ್ವನಿಗೆ ತಡೆಯದು. ‘ಕೊಡು, ನಾನೇ ಉಜ್ತೀನಿ’ ಎಂದು ಏಳುವಳು. ನಾನು ಅವ್ವನ ಸೆರಗು ಹಿಡಿದು ಕೂರಿಸುವೆ. ದೊಡ್ಡವ್ವ ಹಾಲಿಗೆ ಹೆಪ್ಪು ಕೇಳುವ ನೆಪದಲ್ಲಿ ದಿನಕ್ಕೆರಡು ಸಲ ಬಂದು ನೋಡಿ ಹೋಗುವಳು. ‘ಏನು, ನಿಮ್ಮನೇಲಿ ಇಸ್ಕೂಲ್ ತೆರೆದೀರಂತೆ? ನಮ್ಮೆಮ್ಮೇನೂ ಸೇರಿಸ್ಕತೀರಾ?’

‘ಕಳ್ಸು ದೊಡ್ಡವ್ವ, ಜೊತೇಲಿ ನೀನೂ ಬಾ’ ಎಂದೆ. ಅಪ್ಪ ಮಗ್ಗದ ಗುಂಡಿಯಲ್ಲಿ ಕೆಮ್ಮಿದಂತೆ ಮಾಡಿ ನಗು ನುಂಗಿದ.

ತಂಗಿ ಒಂದು ದಿನವೂ ಹೊಸ್ತಿಲು ದಾಟಲಿಲ್ಲ. ದಿನಕ್ಕೆ ಎಂಟು ಹತ್ತು ಕಂಡಿಕೆ ಸುತ್ತುವಳು. ಅದರಲ್ಲಿ ಎರಡೋ ಮೂರೋ ಸಡಿಲ. ಉಳಿದವನ್ನು ಅಪ್ಪ ಲಾಳಿಗೆ ಹಾಕಿ ನೇಯುತ್ತಿದ್ದ. ಹೀಗೆ ಮಾರ್ಗಶಿರದ ಅಮಾವಾಸ್ಯೆ ಬಂತು. ಅವ್ವ ಹೇಳಿದ ಗಡುವಿನ ಕೊನೆಯ ದಿನ.

ಬೆಳಿಗ್ಗೆ ಮಗ್ಗಕ್ಕೆ ಪೂಜೆಯಾಯಿತು. ಗುಂಡಿಯ ಮೇಲೆ ಒಗೆದ ಬಟ್ಟೆ ಹಾಸಿದೆವು. ಇವತ್ತು ರಾಟೆ ಮುಟ್ಟಬಾರದಲ್ಲ ಎಂದು ನೆನಪಾಗಿ, ನಾನೇ ಹಲಗೆಯ ಹಸಿರು ಕುಚ್ಚನ್ನು ತೆಗೆದು ಬಲಗಡೆಗೆ ಹಾಕಿದೆ. ಬುದ್ಧಿವಂತಿಕೆ ಮಾಡಿದೆನೆಂದೇ ಅಂದುಕೊಂಡೆ. ಮಧ್ಯಾಹ್ನ ಪಾಯಸದ ಊಟ ಮಾಡಿ ಅಪ್ಪ ಗುಡಿಯ ಕಡೆ ಹೋದ. ಅವ್ವ, ನಾನು ಹಿಂದೆ ಚಾಪೆ ಹಾಕಿಕೊಂಡು ಅಡ್ಡಾದೆವು. ತಿಂಗಳಿಡೀ ಕಣ್ಣಲ್ಲಿ ಕಣ್ಣಿಟ್ಟು ಕಾದ ದಣಿವಿತ್ತೋ ಏನೋ, ಇಬ್ಬರಿಗೂ ನಿದ್ದೆ ಹತ್ತಿತು.

ಎಚ್ಚರವಾದಾಗ ಮನೆ ಖಾಲಿ.

ಮೊದಲು ಹಿತ್ತಲ ಬಾವಿಗೆ ಓಡಿದೆ. ಬಗ್ಗಿ ನೋಡಿದಾಗ ಕಂಡದ್ದು ನನ್ನ ಮುಖವೇ. ಅಷ್ಟರಲ್ಲಿ ದೊಡ್ಡವ್ವ ಬೀದಿಯಲ್ಲಿ ಕೂಗೆಬ್ಬಿಸಿದ್ದಳು: ‘ಯೋಳ್ನಿಲ್ವಾ ನಾನು, ಯೋಳ್ನಿಲ್ವಾ!’ ಅವ್ವ ಬಾಗಿಲಲ್ಲಿ ನಿಂತು ಬಂದುಹೋಗುವವರನ್ನೆಲ್ಲ ಕೇಳುತ್ತಿದ್ದಳು. ಧನಗೆರೆಯಿಂದ ಮೊಸರು ತರುತ್ತಿದ್ದ ಹೆಂಗಸು ಗಡಿಗೆ ಇಳಿಸಿ ಕೇಳಿದಳು: ‘ಬುಟ್ಟಿ ತಕಂಡು ಓಯ್ತಿತ್ತಲ್ಲ ಒಂದು ಕೂಸು, ಅದಾ? ಆಚೆ ಬೀದಿಗೆ ಓಯ್ತು. ನನ್ನಂಗೇ ಯಾಪಾರಕ್ಕೆ ಓಯ್ತಾ ಅದೆ ಅಂದ್ಕಂಡೆ ಕಣವ್ವ.’

ಬುಟ್ಟಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆಲ್ಲ ಹೊಳೆಯಿತು. ಹಸಿರನ್ನು ತೆಗೆದಿದ್ದೆ, ನೀಲಿಯನ್ನು ಬಿಟ್ಟಿದ್ದೆ. ಬುಟ್ಟಿಯಲ್ಲಿ ಹಿಂದಿನ ದಿನದ ಕಂಡಿಕೆಗಳು ಉಳಿದಿದ್ದವು. ಅವನ್ನು ಮಗ್ಗಕ್ಕೆ ಒಯ್ಯಬೇಕು, ನೇಯುವವರು ಕೈಯಲ್ಲಿ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ನೀಲಿ ಕುಚ್ಚು ಮೊಳೆಗೆ ಹೋಗುವಂತಿಲ್ಲ. ಮನೆಯ ಮಗ್ಗದಲ್ಲಿ ಅಪ್ಪನಿಲ್ಲ. ಆಚೆ ಬೀದಿಯಲ್ಲಿ ಅಮಾವಾಸ್ಯೆ ಹಿಡಿಯದ, ಶುಕ್ರವಾರ ಮಗ್ಗ ನಿಲ್ಲಿಸುವ ಒಂದು ಮನೆಯಿತ್ತು. ಆ ಮಧ್ಯಾಹ್ನ ಸುತ್ತಮುತ್ತಲೆಲ್ಲ ಸದ್ದು ಮಾಡುತ್ತಿದ್ದದ್ದು ಆ ಒಂದು ಮಗ್ಗವೇ.

ಓಡಿದೆ. ತಂಗಿ ಅಲ್ಲೇ ಇದ್ದಳು, ಗುಂಡಿಯ ಪಕ್ಕ ಚಕ್ಕಳಮಕ್ಕಳ ಹಾಕಿಕೊಂಡು. ಮಡಿಲಲ್ಲಿ ಬುಟ್ಟಿ, ಮುಷ್ಟಿಯಲ್ಲಿ ನೀಲಿ ಕುಚ್ಚು. ನೇಯುತ್ತಿದ್ದ ತಾತ ನನ್ನನ್ನು ಕಂಡು ಲಾಳಿ ನಿಲ್ಲಿಸಿದರು.

‘ನಿಮ್ಮ ಕೂಸಾ ಮಗಾ? ಬಂದು ಬುಟ್ಟಿ ಮುಂದಕ್ಕೆ ಇಡಿತು. ಈ ಬಣ್ಣ ನಮ್ದಲ್ಲಮ್ಮ ಅಂದೆ. ಓಗ್ಲೇ ಇಲ್ಲ. ಕೈ ಚಾಚ್ಕಂಡು ನಿಂತೇ ಇತ್ತು. ಪಾಪ ಅಂತ ಒಂದ್ ಕಂಡ್ಕೆ ತಕಂಡು ಲಾಳಿಗಾಕಿ ನಾಕೆಳೆ ಒಡೆದೆ. ಆಮೇಲೆ ಕೂತ್ಕತು ನೋಡು.’ ಅವರ ಬಿಳೀ ಸೀರೆಯ ನಡುವೆ ನಮ್ಮ ಕುಂಕುಮ ಬಣ್ಣದ ನಾಲ್ಕು ಎಳೆ ಇದ್ದವು. ‘ಬಿಚ್ಕತೀನಿ ಬುಡು’ ಎಂದರು ನಾನು ನೋಡುವುದನ್ನು ನೋಡಿ. ‘ಆದ್ರೆ ಸುತ್ತಿರದು ಚೆನ್ನಾಗದೆ. ಯಾರು ಸುತ್ತಿದ್ದು?’

‘ಅವಳೇ’ ಎಂದೆ.

ಮನೆಗೆ ಬಂದ ಮೇಲೆ ಅವ್ವ ಅವಳನ್ನು ಕಂಬಕ್ಕೆ ಕಟ್ಟಿದಳು. ತಂಗಿ ಕುಚ್ಚನ್ನು ಹಲಗೆಗೆ ಹಾಕಬೇಕೆಂದು ಕೈ ಚಾಚಿದಳು. ಕಟ್ಟು ಅಷ್ಟುದ್ದ ಇರಲಿಲ್ಲ.

‘ಇವತ್ತು ಆಚೆ ಬೀದಿ. ನಾಳಿಕ್ಕೆ ಕೆರೆ, ನಾಡಿದ್ದು ಬಸ್ಸಿನಡಿ’ ಎಂದಳು ದೊಡ್ಡವ್ವ. ‘ದಾರ ಕಟ್ಬುಟ್ರೆ ಬುದ್ಧಿ ಬಂದದಾ?’

‘ಅವ್ಳು ತಪ್ಪು ಮಾಡ್ನಿಲ್ಲ ದೊಡ್ಡವ್ವ’ ಎಂದೆ. ‘ನಾನು ಹಲಗೇಲಿ ಬುಟ್ಟಿದ್ದ ಕುಚ್ಚ ಅವ್ಳು ತಕಂಡ್ಳು. ಮಗ್ಗ ಎಲ್ಲಿ ನಡೀತಿತ್ತೋ ಅಲ್ಲಿಗೆ ಓದ್ಳು. ಕಂಡ್ಕೆ ಕೊಟ್ಳು. ಅದ್ರಲ್ಲಿ ಏನ್ ತಪ್ಪದೆ? ಅಮಾಸೆಗೆ ಗುರುತು ಕಟ್ದೆ ಇದ್ದೋಳು ನಾನು. ಕಟ್ಟಂಗಿದ್ರೆ ನನ್ ಕಟ್ಟಿ.’

‘ಅದೂ ಸರೀನೆ’ ಎಂದಳು ದೊಡ್ಡವ್ವ. ‘ಮಾಘದಲ್ಲಿ ಎಂಗೂ ಕಟ್ತಾರೆ ಬುಡು ನಿನ್ನ.’

ಗುಡಿಯಿಂದ ಬಂದು ಜಗಲಿಯಲ್ಲೇ ಕೂತು ಕೇಳುತ್ತಿದ್ದ ಅಪ್ಪ ಒಳಗೆ ಬಂದ. ಅವ್ವನಿಗೆ ಎದುರಾಡದ ಮನುಷ್ಯ ಅವನು. ಮಗ್ಗದ ಕಂಬಕ್ಕೆ ಒರಗಿ ನಿಂತು ಮೆಲ್ಲಗೆ ಅಂದ: ‘ಇಪ್ಪತ್ತೈದು ವರ್ಸ ಆಯ್ತು ನಾನು ನೇಯಕ್ಕೆ ಕೂತು. ಗುರುತ್ನ ದಾರ ಇಲ್ದೆ ಇವತ್ಗೂ ಒಂದು ಬುಟ್ಟಾ ಇಳಿಸಕಾಯ್ಕಿಲ್ಲ. ಗುರುತು ತಪ್ಪಾಗಿ ಕಟ್ಕಂಡ್ರೆ ಸೀರೆ ತಪ್ಪಾಯ್ತದೆ. ಆಗ ಗುರುತ ಸರಿ ಮಾಡ್ಕತೀನಿ. ನನ್ನೇನು ಕಂಬಕ್ಕೆ ಕಟ್ಟಿಯಾ ನೀನು?’

ಅವ್ವ ಅಪ್ಪನ ಮುಖ ನೋಡಿದಳು. ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು, ‘ಬಾವೀಲಿ ಬಗ್ಗಿ ನೋಡಿದ್ಯಲ್ಲಮ್ಮಿ ನೀನು. ನಂಗೆ ಅದು ಕಣ್ಮುಂದಿಂದ ಓಗದಿಲ್ಲ’ ಎಂದಳು ನನಗೆ.

ಕಡೆಗೆ ಆದ ತೀರ್ಮಾನ ಇದು: ನಮ್ಮಲ್ಲಿ ಯಾರಾದರೂ ಕಣ್ಣೆದುರಿಗಿದ್ದಾಗ ಬಿಚ್ಚಿರುವುದು, ಇಲ್ಲದಾಗ ಕಟ್ಟುವುದು. ಪುಷ್ಯದ ಅಮಾವಾಸ್ಯೆ ಹೇಗೆ ಕಳೆಯುತ್ತದೋ ನೋಡಿಕೊಂಡು ಮುಂದಿನ ಮಾತು. ಅದಾದ ಮೇಲೆ ಲಗ್ನ, ನನಗೆ ದಿನಗಳಿರಲಿಲ್ಲ.

ಅಮಾವಾಸ್ಯೆಗೆಂದೇ ಇನ್ನೊಂದು ಹಲಗೆ ಮಾಡಿದೆ. ಅದರಲ್ಲಿ ಹಸಿರೂ ಇಲ್ಲ, ನೀಲಿಯೂ ಇಲ್ಲ. ಅವುಗಳ ಬದಲು ಕಿತ್ತಲೆ ಬಣ್ಣದ ಕುಚ್ಚು, ಹೂವಿನ ತಟ್ಟೆಗೆ: ಮಗ್ಗಕ್ಕೆ ಹೂ ಹಾಕುವುದು. ಇನ್ನೊಂದು ಗುಲಾಬಿ, ಒಳಜಗಲಿಯ ಮಣೆಗೆ: ಅದರ ಮೇಲೆ ಕೂತು ಮೊರದ ತುಂಬ ಅವರೆಕಾಯಿ ಸುಲಿಯುವುದು. ಕಂಡಿಕೆಯ ಬುಟ್ಟಿಯನ್ನೇ ಕಾಣದಂತೆ ಎತ್ತಿಡು ಎಂದಳು ಅವ್ವ. ಬೇಡ ಎಂದೆ. ನಾನಿಲ್ಲದ ದಿನ ಯಾರಾದರೂ ಎತ್ತಿಡಲು ಮರೆತರೆ? ಬುಟ್ಟಿ ಅಲ್ಲೇ ಇದ್ದು, ಆಚೆ ಬೀದಿಯ ಮಗ್ಗವೂ ಕೇಳಿಸುತ್ತಿದ್ದು, ಅವಳು ಹೋಗದಿರಬೇಕು.

ಆದರೆ ಅಮಾವಾಸ್ಯೆ ತಿಂಗಳಿಗೆ ಒಂದೇ. ಒಂದೇ ದಿನ ತೋರಿಸಿ ಕಲಿಸುವುದು ಹೇಗೆ? ಅಪ್ಪನನ್ನು ಕೇಳಿಕೊಂಡೆ. ಮೂರು ದಿನಕ್ಕೊಮ್ಮೆ ಅಪ್ಪ ಊಟವಾದ ಮೇಲೆ ಮಗ್ಗ ನಿಲ್ಲಿಸಿ, ಗುಂಡಿಗೆ ಬಟ್ಟೆ ಹಾಸಿ, ಎಲೆಯಡಿಕೆ ಹಾಕಿಕೊಂಡು ಹೊರಗೆ ಹೋಗುವನು. ನಾನು ಹಲಗೆ ಬದಲಿಸುವೆ. ಮಲ್ಲಿಗೆ ಸಿಗದ ದಿನ ಹಿತ್ತಲ ತುಂಬೆ ಹೂವಾದರೂ ತಟ್ಟೆಯಲ್ಲಿ ಇರುವುದು. ಮೊದಲನೆಯ ಸುಳ್ಳು ಅಮಾವಾಸ್ಯೆಗೆ ತಂಗಿ ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ನಡೆದಳು. ಕೈ ಹಿಡಿದು ತಂದು ಹಲಗೆ ತೋರಿಸಿದೆ. ಎರಡನೆಯದಕ್ಕೂ ಅದೇ. ಮೂರನೆಯದಕ್ಕೆ ಹೊಸ್ತಿಲವರೆಗೆ ಹೋಗಿ ತಾನೇ ತಿರುಗಿ ನನ್ನನ್ನು ನೋಡಿದಳು. ತೋರಿಸಿದ್ದನ್ನೇ ತೋರಿಸಿದೆ.

‘ತಿಂಗ್ಳಿಗೆ ಎಷ್ಟ್ ಅಮಾಸೆ ಮಾಡೀರಿ?’ ಎಂದಳು ದೊಡ್ಡವ್ವ. ‘ಚಂದ್ರಂಗೆ ತಲೆ ಕೆಟ್ಟೋಗ್ತದೆ.’ ಹಾಗೆ ಅಂದವಳೇ ಮಾರನೆಯ ಸಲ, ಹೂವಿಲ್ಲವೆಂದು ನಾನು ಹುಡುಕಾಡುತ್ತಿದ್ದಾಗ, ತನ್ನ ತಲೆಯಿಂದ ಒಂದು ತುಂಡು ದವನ ಕಿತ್ತು ತಟ್ಟೆಗೆ ಹಾಕಿ ಹೋದಳು.

ಪುಷ್ಯದ ಅಮಾವಾಸ್ಯೆಯಂದು ಅಪ್ಪ ಬೇಕೆಂದೇ ಊಟ ಮುಗಿಸಿ ಹೊರಗೆ ಹೋದ. ಅವ್ವ, ನಾನು ಅಡುಗೆಮನೆಯ ಕತ್ತಲೆಯಲ್ಲಿ, ಅವಳಿಗೆ ಕಾಣದಂತೆ ಕೂತೆವು. ತಂಗಿ ಕೆಂಪು ಕುಚ್ಚನ್ನು ಬಲಗಡೆಗೆ ಹಾಕಿದಳು. ಆಗ ಆಚೆ ಬೀದಿಯ ಮಗ್ಗ ಶುರುವಾಯಿತು. ಟಕ್, ಟಕ್. ಅವಳು ತಲೆ ಎತ್ತಿದಳು. ಬುಟ್ಟಿಯ ಹತ್ತಿರ ಹೋದಳು, ಎತ್ತಿಕೊಂಡಳು, ಬಾಗಿಲಿಗೆ ನಡೆದಳು. ಒಂದು ಕಾಲು ಹೊಸ್ತಿಲ ಮೇಲಿತ್ತು.

ನಾನು ಎದ್ದೆ. ಅವ್ವ ನನ್ನ ಮುಂಗೈ ಹಿಡಿದು ಎಳೆದಳು. ‘ಕೂತ್ಕೋ’ ಎಂದಳು ಉಸಿರಲ್ಲಿ. ಹಿಡಿದ ಕೈ ಬಿಡಲಿಲ್ಲ.

ತಂಗಿ ಕುಚ್ಚಿಲ್ಲದ ತನ್ನ ಖಾಲಿ ಮುಷ್ಟಿಯನ್ನು ನೋಡಿಕೊಂಡಳು. ತಿರುಗಿ ಹಲಗೆಯ ಹತ್ತಿರ ಬಂದಳು. ಎಡಗಡೆಯ ಮೊಳೆಗಳ ಮೇಲೆ ಕೈಯಾಡಿಸಿದಳು, ನಿಧಾನವಾಗಿ, ಒಂದೊಂದನ್ನೂ ಮುಟ್ಟಿ. ನೀಲಿ ಇರಲಿಲ್ಲ. ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟಳು. ಕಿತ್ತಲೆ ಕುಚ್ಚು ತೆಗೆದುಕೊಂಡು ಹೂವಿನ ತಟ್ಟೆಯ ಕಡೆ ಹೋದಳು.

ಅವಳು ಅವರೆಕಾಯಿ ಸುಲಿದು ಮುಗಿಸುವವರೆಗೆ ನಾವು ಅಲ್ಲಿಂದ ಅಲ್ಲಾಡಲಿಲ್ಲ. ಆಮೇಲೆ ಅವ್ವ ಎದ್ದು ಒಲೆ ಹಚ್ಚಿದಳು. ‘ಕಟ್ಟಕಿಲ್ಲ ಬುಡು ಇನ್ನು’ ಎಂದಳು, ಒಲೆಗೆ ಹೇಳಿದಂತೆ. ಹಿಂದಿನ ಕೋಣೆಯಲ್ಲಿ ಸೌದೆ ಇದ್ದ ಹಾಗೇ ಉಳಿಯಿತು.

ಲಗ್ನವಾಗಿ ಒಂದೂವರೆ ತಿಂಗಳ ಮೇಲೆ ಯಳಂದೂರಿನಿಂದ ಬಸ್ಸಿನಲ್ಲಿ ತವರಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಅವ್ವ ಹಲಗೆ ಬದಲಿಸುತ್ತಾಳೋ ಇಲ್ಲವೋ, ಕುಚ್ಚುಗಳು ಹೊಗೆಗೆ ಕಪ್ಪಾಗಿವೆಯೋ ಏನೋ, ನಾನಿಲ್ಲವೆಂದು ಅವಳು ಅತ್ತಳೋ ಏನೋ. ನನ್ನನ್ನು ಕಂಡ ಕೂಡಲೇ ಓಡಿಬಂದು ಮೈಗೆ ಬೀಳುತ್ತಾಳೆ ಎಂದುಕೊಂಡು, ಅವಳ ಭಾರ ತಡೆಯಲು ಚೀಲವನ್ನು ಬಾಗಿಲಲ್ಲೇ ಇಳಿಸಿ, ಕೈ ಖಾಲಿ ಮಾಡಿಕೊಂಡು ಒಳಗೆ ಹೋದೆ.

ತಂಗಿ ನಡುಮನೆಯಲ್ಲಿ ಬುಟ್ಟಿ ಹಿಡಿದು ನಡೆಯುತ್ತಿದ್ದಳು. ನನ್ನನ್ನು ನೋಡಿದಳು. ಮುಖ ಅರಳಿತು. ಆದರೆ ನಿಲ್ಲಲಿಲ್ಲ. ಮಗ್ಗದ ಕಡೆಗೇ ಹೋದಳು.

ನಾನು ಒಂದು ಹೆಜ್ಜೆ ಮುಂದಿಟ್ಟೆ. ರಾಟೆಯ ಮುಂದಿದ್ದ ಅವ್ವ ಕೈ ಅಡ್ಡ ಹಿಡಿದಳು.

‘ನಿಂತ್ಕಳಮ್ಮಿ ವಸಿ’ ಎಂದಳು. ‘ಅವ್ಳ ಕೈಲಿ ನೀಲಿ ಅದೆ. ಮುಗಿಸ್ಕಂಡು ಬತ್ತಾಳೆ.’

ನಾನು ನಿಂತೆ. ತಂಗಿ ಬುಟ್ಟಿ ಚಾಚಿದಳು, ಅಪ್ಪ ತೆಗೆದುಕೊಂಡು ‘ಬಂತಾ ಮಗಾ’ ಎಂದ. ಅವಳು ಹಲಗೆಗೆ ಹೋಗಿ ಕುಚ್ಚನ್ನು ಮೊಳೆಗೆ ಹಾಕಲು ನೋಡಿದಳು, ಜಾರಿತು, ಬಗ್ಗಿ ಎತ್ತಿಕೊಂಡಳು, ಮತ್ತೆ ಹಾಕಿದಳು. ಅವ್ವ ಏಳಲಿಲ್ಲ. ಮೂರನೆಯ ಸಲಕ್ಕೆ ಕುಚ್ಚು ನಿಂತಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.